ಬ್ರೌಸರಿನ ಉಗ್ರಾಣ

ಬೀದರ ಜಿಲ್ಲೆಯ ಹುಲಸೂರ ಬಹುಕಾಲ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ಊರಾಗಿತ್ತು. 2017ರ ರಾಜ್ಯ ಮುಂಗಡಪತ್ರದಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಅವುಗಳಲ್ಲಿ ಹುಲಸೂರದ ಹೆಸರೂ ಇದ್ದಿತು. ಅದೇ ಜಿಲ್ಲೆಯ ಚಿಟಗುಪ್ಪ, ಕಮಲನಗರಗಳ ಹೆಸರೂ ಇದ್ದುವು. ಬೀದರ, ಭಾಲ್ಕಿ, ಔರಾದ, ಬಸವಕಲ್ಯಾಣ, ಹುಮನಾಬಾದ ಎಂದು ಐದೇ ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಹೀಗೆ ಎಂಟು ತಾಲ್ಲೂಕುಗಳಾದುವು.

ಇದಕ್ಕೂ ವಿಜ್ಞಾನಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಹೊಸ ತಾಲ್ಲೂಕು ಆದ ಮೇಲೆ ಹುಲಸೂರದ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದಾಳೆ. ಜಿಲ್ಲೆ ಬೀದರ ಎಂದು ಆರಿಸಿ ತಾಲ್ಲೂಕುಗಳ ಪಟ್ಟಿಯನ್ನು ತೆರೆದರೆ ಐದೇ ಹೆಸರುಗಳು ಕಾಣುತ್ತವೆ. ಪಕ್ಕದಲ್ಲಿ ಕುಳಿತ ಗೆಳತಿಯ ಮೊಬೈಲಿನಲ್ಲಿ ಅದೇ ಜಾಲತಾಣದ ಅದೇ ಪಟ್ಟಿಯಲ್ಲಿ ಎಂಟು ಹೆಸರುಗಳಿವೆ. ಅರ್ಜಿಗೆ ಅಂದೇ ಕೊನೆಯ ದಿನ. ಬೇರೆ ದಾರಿ ಕಾಣದೆ ಈಕೆ ಬಸವಕಲ್ಯಾಣವೆಂದು ಆರಿಸುತ್ತಾಳೆ. ಆಕೆಯ ವಾಸಸ್ಥಳದ ಪ್ರಮಾಣಪತ್ರದಲ್ಲಿ ಹುಲಸೂರ ತಾಲ್ಲೂಕು ಎಂದಿದೆ. ಎರಡೂ ತಾಳೆಯಾಗದೆ ಅರ್ಜಿ ಹಿಂದಿರುಗುತ್ತದೆ.

ಹುಡುಗಿ ತಪ್ಪು ಮಾಡಲಿಲ್ಲ. ಕಚೇರಿಯವರು ಪಟ್ಟಿಯನ್ನು ಯಥಾಕಾಲದಲ್ಲಿ ತಿದ್ದಿದ್ದರು. ಮೊಬೈಲು ಕೆಟ್ಟಿರಲಿಲ್ಲ. ಹಾಗಾದರೆ ಮೂರು ಹೆಸರುಗಳು ಎಲ್ಲಿ ಮರೆಯಾದುವು? ಇದನ್ನು ತಿಳಿಯಬೇಕಾದರೆ ಜಾಲಪುಟವೊಂದು ನಮ್ಮ ಕಣ್ಣಿಗೆ ಬೀಳುವ ಮುನ್ನ ಏನೇನು ನಡೆಯುತ್ತದೆಂಬುದನ್ನು ಮೊದಲಿನಿಂದ ನೋಡಬೇಕು.

ಕೋರಿಕೆ ಮತ್ತು ಉತ್ತರ

ಜಾಲಪುಟಗಳನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ಒದಗಿಸುವ ಗಣಕಯಂತ್ರವೇ ಸರ್ವರ್. ಇವೆರಡರ ನಡುವಿನ ಮಾತುಕತೆಯ ಕಟ್ಟಳೆಗೆ ಎಚ್‌ಟಿಟಿಪಿ ಎನ್ನುತ್ತಾರೆ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಕಳೆದ ಶತಮಾನದ ತೊಂಬತ್ತರ ದಶಕದ ಆರಂಭದಲ್ಲಿ ಇದಕ್ಕೆ ಅಡಿಪಾಯ ಹಾಕಿದರು.

ಕಟ್ಟಳೆ ಬಹು ಸರಳವಾದುದು. ಬ್ರೌಸರ್ ಒಂದು ಕೋರಿಕೆಯನ್ನು ಕಳುಹುತ್ತದೆ. ಸರ್ವರ್ ಒಂದು ಉತ್ತರವನ್ನು ಕಳುಹುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಕೋರಿಕೆಗಳಲ್ಲಿ ಹಲವು ಬಗೆಗಳುಂಟು. 'ಇಂಥದನ್ನು ಕೊಡು' ಎನ್ನುವುದು ಗೆಟ್. 'ಇದನ್ನು ತೆಗೆದುಕೋ' ಎಂದು ಅರ್ಜಿಯನ್ನು ಒಪ್ಪಿಸುವುದು ಪೋಸ್ಟ್. ಉತ್ತರವನ್ನು ಒಂದು ಲಕೋಟೆಗೆ ಹೋಲಿಸಬಹುದು. ಒಳಗೆ ಇರುವುದು ನಾವು ಕೇಳಿದ ವಸ್ತು. ಲಕೋಟೆಯ ಮೇಲೆ ಒಂದು ಅಂಕಿಯೂ ಕೆಲವು ಮೇಲ್ಬರೆಹಗಳೂ ಇರುತ್ತವೆ. ಅಂಕಿ 200 ಆದರೆ ಕೇಳಿದ್ದು ಸಿಕ್ಕಿತೆಂದು ಅರ್ಥ. 404 ಆದರೆ ಅಂಥದು ಇಲ್ಲಿಲ್ಲವೆಂದು ಅರ್ಥ. ಮೇಲ್ಬರೆಹಗಳು ಒಳಗಿನ ವಸ್ತುವನ್ನು ಹೇಗೆ ಬಳಸಬೇಕೆಂಬುದನ್ನು ತಿಳಿಸುತ್ತವೆ. ನಮ್ಮ ಕಥೆಯ ಗುಟ್ಟೆಲ್ಲ ಇರುವುದು ಈ ಮೇಲ್ಬರೆಹಗಳಲ್ಲಿಯೇ.

ಒಂದು ಪುಟಕ್ಕೆ ಒಂದೇ ಕೋರಿಕೆ ಸಾಲದು. ಪುಟದ ಬರೆವಣಿಗೆಗೆ ಒಂದು, ಚಿತ್ರ ಚಿತ್ರಕ್ಕೆ ಒಂದೊಂದು, ಕನ್ನಡ ಅಕ್ಷರಶೈಲಿಗೆ ಒಂದು, ತಾಲ್ಲೂಕುಗಳ ಪಟ್ಟಿಗೆ ಮತ್ತೊಂದು, ಹೀಗೆ ಹತ್ತಾರು ಕೋರಿಕೆಗಳು ಹೊರಡುತ್ತವೆ. ಕನ್ನಡದ ಪುಟಗಳಿಗೆ ಹೊರೆಯೂ ತುಸು ಹೆಚ್ಚು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಮೂರು ಬೈಟುಗಳು ಬೇಕು. 'ಹುಲಸೂರ' ಎಂಬ ಹೆಸರಿನಲ್ಲಿ ನಾಲ್ಕು ಅಕ್ಷರಗಳೂ ಎರಡು ಸ್ವರಚಿಹ್ನೆಗಳೂ ಇರುವುದರಿಂದ ಅದಕ್ಕೆ 18 ಬೈಟುಗಳಾಗುತ್ತವೆ. ಅದನ್ನೇ ಜಾಲವಿಳಾಸದೊಳಗೆ ಸೇರಿಸಿದರೆ ಒಂದೊಂದು ಬೈಟನ್ನೂ ಮೂರು ಚಿಹ್ನೆಗಳಿಂದ ಬರೆಯುವ ಪದ್ಧತಿಯಿರುವುದರಿಂದ 54 ಚಿಹ್ನೆಗಳಾಗುತ್ತವೆ.

ದೂರದ ಲೆಕ್ಕ

ಬೈಟುಗಳ ಭಾರಕ್ಕಿಂತಲೂ ದಾರಿಯ ದೂರ ಮಿಗಿಲಾದ ತೊಡಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಅದನ್ನು ಮೀರುವ ಉಪಾಯ ಯಾವ ಇಂಜಿನಿಯರನ ಬಳಿಯೂ ಇಲ್ಲ.

ಕನ್ನಡ ವಿಕಿಪೀಡಿಯವನ್ನು ತೆಗೆದುಕೊಳ್ಳೋಣ. ಇದು ಆರಂಭವಾದುದು 2003ರಲ್ಲಿ. ವಿಕಿಪೀಡಿಯಗಳನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಮುಖ್ಯ ಗಣಕಕೇಂದ್ರಗಳಿರುವುದು ಅಮೆರಿಕದಲ್ಲಿ. ಅವುಗಳಲ್ಲಿ ಒಂದು ವರ್ಜೀನಿಯ ರಾಜ್ಯದ ಆಶ್‌ಬರ್ನ್ ಎಂಬಲ್ಲಿದೆ. ಹುಲಸೂರದಿಂದ ಅಲ್ಲಿಗೆ ಭೂಗೋಳದ ಮೇಲೆ ನೆಟ್ಟಗೆ ಅಳೆದರೂ ಸುಮಾರು 13,000 ಕಿಲೋಮೀಟರು. ಹೋಗಿ ಬರಲು 26,000. ಬೆಳಕಿಗೆ ಇದು ಸೆಕೆಂಡಿನ ನೂರರಲ್ಲಿ ಹದಿಮೂರು ಪಾಲಿನ ಹಾದಿ. ಟಿಸಿಪಿ ಎಂಬ ವಾಡಿಕೆಯ ಪದ್ಧತಿಯಲ್ಲಿ ಮೊದಲ ಭೇಟಿಗೆ ಕನಿಷ್ಠ ಮೂರು ಸುತ್ತುಗಳಾದರೂ ಆಗಬೇಕು: ಸಂಪರ್ಕ ಬೆಳೆಸಲು ಒಂದು, ಗೂಢಲಿಪಿಯ ಒಪ್ಪಂದಕ್ಕೆ ಒಂದು, ಕೋರಿಕೆಗೂ ಉತ್ತರಕ್ಕೂ ಒಂದು. ಒಟ್ಟು ಸೆಕೆಂಡಿನ ಐದರಲ್ಲಿ ಎರಡು ಪಾಲು ದಾರಿಯಲ್ಲಿಯೇ ಕಳೆಯಿತು. ಸಮುದ್ರದಡಿಯ ಕೇಬಲುಗಳು ನೆಟ್ಟಗೆ ಸಾಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರವಾಗಿ ಆ ಸಂಸ್ಥೆಯವರು 2018ರಲ್ಲಿ ಏಷ್ಯದ ಓದುಗರಿಗೋಸ್ಕರ ಸಿಂಗಪುರದಲ್ಲಿ ಒಂದು ಕೇಂದ್ರವನ್ನು ತೆರೆದರು. ಅಲ್ಲಿರುವುದು ಮೂಲವಲ್ಲ, ನಕಲುಗಳು. ಬಸವಕಲ್ಯಾಣವನ್ನು ಕುರಿತ ಲೇಖನವನ್ನು ಒಬ್ಬರು ಓದಿದರೆ ಅದರ ನಕಲು ಅಲ್ಲಿ ಉಳಿಯುತ್ತದೆ. ಮುಂದಿನ ಓದುಗರಿಗೆ ಅಮೆರಿಕದವರೆಗೆ ಹೋಗದೆ ಅಲ್ಲಿಂದಲೇ ಉತ್ತರ ದೊರೆಯುತ್ತದೆ. ಸಿಂಗಪುರ ಹುಲಸೂರದಿಂದ ಸುಮಾರು 3,400 ಕಿಲೋಮೀಟರು. ಅದೇ ಮೂರು ಸುತ್ತಿಗೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಸಾಕು.

ಹೀಗೆ ದೂರದಿಂದ ತಂದುದನ್ನು ಹತ್ತಿರದಲ್ಲಿ ಕೂಡಿಟ್ಟು ಮತ್ತೆ ಬಳಸುವ ಏರ್ಪಾಡಿಗೆ ಕ್ಯಾಷ್ ಎಂದು ಹೆಸರು. 'ಬಚ್ಚಿಡು' ಎಂಬರ್ಥದ ಫ್ರೆಂಚ್ ಮಾತಿನಿಂದ ಈ ಪದ ಬಂದಿದೆ. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು 1965ರಲ್ಲಿ ಗಣಕದ ಒಳಗಿನ ಸ್ಮರಣಕೋಶಕ್ಕೆ ಈ ಉಪಾಯವನ್ನು ಸೂಚಿಸಿದ್ದರು. 1968ರ ಐಬಿಎಂ 360ರ 85ನೆಯ ಮಾದರಿಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಜಾಲಪುಟಗಳ ಕ್ಯಾಷ್ ಅದೇ ತತ್ತ್ವದ ವಿಸ್ತಾರ. ಕನ್ನಡದಲ್ಲಿ ಇದನ್ನು ಉಗ್ರಾಣವೆನ್ನಬಹುದು. ಸಿಂಗಪುರದ್ದು ಊರಿಗೆಲ್ಲ ಸೇರಿದ ಉಗ್ರಾಣ. ನಮ್ಮ ಮೊಬೈಲಿನ ಬ್ರೌಸರಿನೊಳಗಿನದು ಮನೆಯ ಉಗ್ರಾಣ. ಮನೆಯಲ್ಲಿಯೇ ಇದ್ದ ನಕಲಿಗೆ ಹಾದಿಯೂ ಇಲ್ಲ, ಹಣದ ವೆಚ್ಚವೂ ಇಲ್ಲ.

ನಕಲಿನ ಆಯುಷ್ಯ

ಉಗ್ರಾಣವೆಂದ ಮೇಲೆ ಹಳಸುವ ಚಿಂತೆಯೂ ಇದ್ದೇ ಇರುತ್ತದೆ. ಯುಗಾದಿಗೆ ತಂದ ಪಂಚಾಂಗ ಮುಂದಿನ ಯುಗಾದಿಯವರೆಗೆ ಬರುತ್ತದೆ. ಬೆಳಿಗ್ಗೆ ತಂದ ಹಾಲು ಸಂಜೆಯವರೆಗೂ ಬಾರದು. ಜಾಲದಲ್ಲಿಯೂ ಹಾಗೆಯೇ. ಜಾಲತಾಣದ ಲಾಂಛನ ವರ್ಷಗಟ್ಟಲೆ ಬದಲಾಗದಿರಬಹುದು. ಹುಮನಾಬಾದದ ಮಾರುಕಟ್ಟೆಯ ತೊಗರಿಯ ಧಾರಣೆ ದಿನದಿನಕ್ಕೂ ಬೇರೆ. ಆದುದರಿಂದ ಸರ್ವರ್ ತನ್ನ ಉತ್ತರದ ಮೇಲೆ ಅದರ ಆಯುಷ್ಯವನ್ನು ಬರೆದು ಕಳುಹಬೇಕು. ಈ ಮೇಲ್ಬರೆಹಕ್ಕೆ ಕ್ಯಾಷ್-ಕಂಟ್ರೋಲ್ ಎಂದು ಹೆಸರು. ಅದರಲ್ಲಿ ಮ್ಯಾಕ್ಸ್-ಏಜ್ 86,400 ಎಂದಿದ್ದರೆ ಅಷ್ಟು ಸೆಕೆಂಡುಗಳವರೆಗೆ, ಅಂದರೆ ಒಂದು ದಿನ, ನಕಲನ್ನು ಕೇಳದೆಯೇ ಬಳಸಬಹುದೆಂದು ಅರ್ಥ. ಒಂದು ವರ್ಷಕ್ಕೆ 3,15,36,000 ಸೆಕೆಂಡುಗಳು.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ಒಮ್ಮೆ ಆಯುಷ್ಯವನ್ನು ಬರೆದು ಕೊಟ್ಟ ಮೇಲೆ ಮನೆಯ ಉಗ್ರಾಣದ ನಕಲನ್ನು ಸರ್ವರ್ ಹಿಂದಕ್ಕೆ ಕರೆಸಿಕೊಳ್ಳುವಂತಿಲ್ಲ. ಊರೂರಿಗೆ ಹಂಚಿದ ಪಂಚಾಂಗದಲ್ಲಿ ತಪ್ಪು ಕಂಡುಬಂದರೆ ಅಚ್ಚುಹಾಕಿಸಿದವರು ಮನೆಮನೆಗೂ ಹೋಗಿ ತಿದ್ದಲಾರರು. ಬ್ರೌಸರ್ ತಾನಾಗಿ ಕೇಳಿದರೆ ಮಾತ್ರ ಹೊಸ ಉತ್ತರ. ಅವಧಿ ಮುಗಿಯುವವರೆಗೆ ಅದು ಕೇಳುವುದೇ ಇಲ್ಲ.

ಆಯುಷ್ಯವನ್ನು ಬರೆಯಲು ಸರ್ವರಿನವರು ಮರೆತರೆ ಏನಾಗುತ್ತದೆ? ಆಗ ಬ್ರೌಸರ್ ಊಹೆಗೆ ಇಳಿಯಬಹುದು. ವಸ್ತು ಕಡೆಯ ಬಾರಿ ಬದಲಾದ ದಿನ ಗೊತ್ತಿದ್ದರೆ, ಅಂದಿನಿಂದ ಕಳೆದ ಕಾಲದ ಹತ್ತರಲ್ಲಿ ಒಂದು ಪಾಲಿನಷ್ಟು ಅವಧಿಯನ್ನು ಆಯುಷ್ಯವೆಂದು ಎಣಿಸುವುದು ವಾಡಿಕೆ. ಸಾವಿರ ದಿನಗಳಿಂದ ಬದಲಾಗದ ಪಟ್ಟಿ ಇನ್ನು ನೂರು ದಿನ ಬದಲಾಗದೆಂಬ ಎಣಿಕೆ. ಈ ಎಣಿಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಇದರಲ್ಲಿ ಒಂದು ವಿಪರ್ಯಾಸವುಂಟು: ವಸ್ತು ಹಳೆಯದಾದಷ್ಟೂ ಅದರ ಮೇಲಿನ ನಂಬಿಕೆ ಬೆಳೆಯುತ್ತದೆ. ತಾಲ್ಲೂಕುಗಳ ಪಟ್ಟಿ ಇಂಥದೇ. ಅದು ಬದಲಾಗುವುದೇ ಅಪರೂಪ. ಆದುದರಿಂದಲೇ ಬದಲಾದ ದಿನ ಎಲ್ಲರೂ ಮೋಸಹೋಗುತ್ತಾರೆ. ಬೀದರ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1956ರಲ್ಲಿ ಅದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಎಂದೂ ಬದಲಾಗದೆಂದು ತೋರುವ ಹೆಸರುಗಳೂ ಒಂದು ದಿನ ಬದಲಾಗುತ್ತವೆ.

ಬದಲಾಗಿದೆಯೆ ಎಂದು ಕೇಳುವುದು

ಹಾಗಾದರೆ ಪ್ರತಿಸಲವೂ ಪೂರ್ತಿ ವಸ್ತುವನ್ನೇ ತರಿಸಬೇಕೆ? ಬೇಕಾಗಿಲ್ಲ. ಇದಕ್ಕೊಂದು ಜಾಣತನದ ಉಪಾಯವಿದೆ. ಸರ್ವರ್ ಪ್ರತಿಯೊಂದು ವಸ್ತುವಿಗೂ ಒಂದು ಗುರುತನ್ನು ಹಚ್ಚಿ ಕಳುಹುತ್ತದೆ. ಇದಕ್ಕೆ ಇಟ್ಯಾಗ್ ಎನ್ನುತ್ತಾರೆ. ವಸ್ತುವಿನಲ್ಲಿ ಬದಲಾವಣೆಯಾದರೆ ಗುರುತೂ ಬದಲಾಗುತ್ತದೆ. ಬ್ರೌಸರ್ ಮುಂದಿನ ಸಲ 'ನನ್ನಲ್ಲಿರುವ ನಕಲಿನ ಗುರುತು ಇಂಥದು, ಬೇರೆಯದು ಬಂದಿದ್ದರೆ ಮಾತ್ರ ಕಳುಹು' ಎಂದು ಕೇಳುತ್ತದೆ. ಬದಲಾಗದಿದ್ದರೆ ಸರ್ವರ್ 304 ಎಂಬ ಅಂಕಿಯೊಡನೆ ಬರಿಯ ಲಕೋಟೆಯನ್ನು ಹಿಂದಿರುಗಿಸುತ್ತದೆ. ಒಳಗೆ ಏನೂ ಇರುವುದಿಲ್ಲ. ದಾರಿಯ ವೆಚ್ಚ ತಪ್ಪಲಿಲ್ಲ, ಹೊರೆ ತಪ್ಪಿತು. ನೂರಾರು ಕಿಲೋಬೈಟಿನ ಅಕ್ಷರಶೈಲಿಗೆ ಇದು ದೊಡ್ಡ ಉಳಿತಾಯವೇ ಸರಿ.

ಹೀಗೆ 'ಕೂಡಿಡು, ಆದರೆ ಬಳಸುವ ಮುನ್ನ ಕೇಳು' ಎಂದು ಹೇಳುವ ಮೇಲ್ಬರೆಹಕ್ಕೆ ನೋ-ಕ್ಯಾಷ್ ಎಂಬ ಹೆಸರು ಬಂದಿದೆ. ಹೆಸರನ್ನು ನೋಡಿದರೆ ಕೂಡಿಡಲೇಬಾರದೆಂದು ತೋರುತ್ತದೆ. ಅನೇಕರು ಹಾಗೆಯೇ ತಪ್ಪು ತಿಳಿಯುತ್ತಾರೆ. ಕೂಡಿಡಲೇಬಾರದೆಂದು ಹೇಳುವುದು ನೋ-ಸ್ಟೋರ್ ಎಂಬ ಬೇರೊಂದು ಮಾತು.

ಜಾವಾಸ್ಕ್ರಿಪ್ಟಿನ ಕೈಗೆಲಸ

ಇಷ್ಟುಹೊತ್ತು ಹೇಳಿದುದು ಬ್ರೌಸರ್ ತಾನಾಗಿ ಮಾಡುವ ಕೆಲಸ. ಪುಟದೊಳಗಿನ ಕ್ರಮವಿಧಿಯೂ ಕೋರಿಕೆಗಳನ್ನು ಕಳುಹಬಲ್ಲುದು. ಈ ಕ್ರಮವಿಧಿಗಳ ಭಾಷೆ ಜಾವಾಸ್ಕ್ರಿಪ್ಟ್. ಬ್ರೆಂಡನ್ ಐಕ್ ಎಂಬವರು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಮೊದಮೊದಲು ಹೊಸ ಮಾಹಿತಿ ಬೇಕಾದರೆ ಇಡೀ ಪುಟವನ್ನೇ ಮತ್ತೆ ತರಿಸಬೇಕಾಗುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಬೇಕಾದಷ್ಟನ್ನೇ ತರಿಸುವ ಸಾಧನ ಬಂದಿತು. 2015ರಿಂದೀಚೆಗೆ ಅದಕ್ಕಿಂತ ಸುಲಭವಾದ ಫೆಚ್ ಎಂಬ ಸಾಧನ ಬ್ರೌಸರುಗಳಲ್ಲಿ ನೆಲೆಗೊಂಡಿದೆ.

ಪಹಣಿಯ ಪುಟವನ್ನು ನೋಡಿದವರಿಗೆ ಇದರ ಉಪಯೋಗ ವಿಶದವಾಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದಾದ ಮೇಲೊಂದನ್ನು ಆರಿಸಬೇಕಷ್ಟೆ. ರಾಜ್ಯದ ಎಲ್ಲ ಗ್ರಾಮಗಳ ಹೆಸರುಗಳನ್ನೂ ಒಮ್ಮೆಗೇ ತರಿಸುವುದು ವ್ಯರ್ಥ. ಇಂಥ ಪುಟಗಳಲ್ಲಿ ಒಂದನ್ನು ಆರಿಸಿದೊಡನೆ ಮುಂದಿನ ಪಟ್ಟಿಗಷ್ಟೇ ಒಂದು ಸಣ್ಣ ಕೋರಿಕೆಯನ್ನು ಕಳುಹುವಂತೆ ಕ್ರಮವಿಧಿಯನ್ನು ಬರೆಯಬಹುದು. ಉತ್ತರ ಬರುವವರೆಗೆ ಪುಟ ಮರಗಟ್ಟಿ ನಿಲ್ಲುವುದಿಲ್ಲ. ಫೆಚ್ ಒಂದು 'ವಚನ'ವನ್ನು ಕೊಟ್ಟು ಕೆಲಸಕ್ಕೆ ಹೋಗುತ್ತದೆ, ಉತ್ತರ ಬಂದಾಗ ವಚನ ಪೂರೈಸುತ್ತದೆ.

ಹೊಸದಾಗಿ ಕ್ರಮವಿಧಿ ಬರೆಯುವವರು ಎಡವುವ ಸ್ಥಳ ಇಲ್ಲೊಂದಿದೆ. 404 ಎಂಬ ಉತ್ತರ ಬಂದರೂ ಫೆಚ್ ವಚನ ಪೂರೈಸಿತೆಂದೇ ಎಣಿಸುತ್ತದೆ. 'ಇಲ್ಲ' ಎಂಬುದೂ ಒಂದು ಉತ್ತರವಲ್ಲವೆ? ಅಂಕಿಯನ್ನು ನೋಡದೆ ಬಂದುದನ್ನೆಲ್ಲ ಕೂಡಿಟ್ಟರೆ ಉಗ್ರಾಣದಲ್ಲಿ ಧಾನ್ಯದ ಬದಲು 'ಧಾನ್ಯವಿಲ್ಲ' ಎಂಬ ಚೀಟಿ ಉಳಿಯುತ್ತದೆ. ಇನ್ನೊಂದು ಸಂಗತಿ: ಬಂದ ಉತ್ತರದ ಒಳವಸ್ತುವನ್ನು ಒಮ್ಮೆ ಮಾತ್ರ ಓದಬಹುದು. ತೋರಿಸುವುದಕ್ಕೂ ಕೂಡಿಡುವುದಕ್ಕೂ ಬೇಕಾದರೆ ಓದುವ ಮುನ್ನವೇ ಅದರ ಪ್ರತಿಯನ್ನು ಮಾಡಿಕೊಳ್ಳಬೇಕು.

ಬ್ರೌಸರಿನ ಉಗ್ರಾಣವಲ್ಲದೆ ಜಾವಾಸ್ಕ್ರಿಪ್ಟ್ ತನ್ನದೇ ಆದ ಇನ್ನೊಂದು ಉಗ್ರಾಣವನ್ನೂ ಇಟ್ಟುಕೊಳ್ಳಬಲ್ಲುದು. ಸರ್ವಿಸ್ ವರ್ಕರ್ ಎಂಬ ಕ್ರಮವಿಧಿ ಪುಟಕ್ಕೂ ಜಾಲಕ್ಕೂ ನಡುವೆ ಬಾಗಿಲು ಕಾಯುವವನಂತೆ ನಿಂತು, ಪ್ರತಿಯೊಂದು ಕೋರಿಕೆಗೂ ಜಾಲದಿಂದ ಉತ್ತರ ತರಿಸಬೇಕೆ, ತನ್ನ ಉಗ್ರಾಣದಿಂದ ಕೊಡಬೇಕೆ ಎಂದು ನಿರ್ಧರಿಸುತ್ತದೆ. ಸಿಗ್ನಲ್ ನಿಲ್ಲದ ಹಳ್ಳಿಗಳಲ್ಲಿ ಇದರಿಂದಾಗುವ ಉಪಕಾರ ಅಷ್ಟಿಷ್ಟಲ್ಲ. ಸಂಪರ್ಕವೇ ಇಲ್ಲದಾಗಲೂ ಪುಟ ತೆರೆಯುತ್ತದೆ. ಆದರೆ ಈ ಎರಡನೆಯ ಉಗ್ರಾಣ ಲಕೋಟೆಯ ಮೇಲಿನ ಆಯುಷ್ಯವನ್ನು ಗಣನೆಗೆ ತಾರದು. ಕ್ರಮವಿಧಿಯನ್ನು ಬರೆದವರು ತೆಗೆದುಹಾಕುವ ಏರ್ಪಾಡು ಮಾಡದಿದ್ದರೆ ಇಟ್ಟುದು ಇಟ್ಟಲ್ಲಿಯೇ ಇದ್ದೀತು.

ನಮ್ಮ ವಿದ್ಯಾರ್ಥಿನಿಯ ಮೊಬೈಲಿನಲ್ಲಿ ನಡೆದುದು ಇದೇ ಎಂದಿಟ್ಟುಕೊಳ್ಳೋಣ. ತಾಲ್ಲೂಕುಗಳು ಐದೇ ಇದ್ದ ಕಾಲದಲ್ಲಿ ಆ ಮನೆಯವರು ಅದೇ ಮೊಬೈಲಿನಲ್ಲಿ ಆ ತಾಣವನ್ನು ತೆರೆದಿದ್ದರು. ಪಟ್ಟಿ ಉಗ್ರಾಣವನ್ನು ಸೇರಿತು. ಗೆಳತಿಯ ಮೊಬೈಲು ಹೊಸದು. ಅದರ ಉಗ್ರಾಣ ಬರಿದಾಗಿದ್ದುದರಿಂದ ಅದು ಸರ್ವರನ್ನು ಕೇಳಿತು, ಎಂಟು ಹೆಸರುಗಳನ್ನು ತಂದಿತು. ನೆನಪಿದ್ದವಳು ಕೆಟ್ಟಳು, ನೆನಪಿಲ್ಲದವಳು ಗೆದ್ದಳು!

ಮಾಡತಕ್ಕದ್ದೇನು?

ಪರಿಹಾರ ಕಠಿಣವಲ್ಲ. ಚಿತ್ರ, ಅಕ್ಷರಶೈಲಿ ಮೊದಲಾದುವನ್ನು ಒಂದು ವರ್ಷದ ಆಯುಷ್ಯ ಕೊಟ್ಟು ಕೂಡಿಡಲಿ. ಆದರೆ ಅವುಗಳ ಹೆಸರಿನಲ್ಲಿಯೇ ಒಂದು ಗುರುತು ಸೇರಿರಲಿ. ವಸ್ತು ಬದಲಾದಾಗ ಹೆಸರೂ ಬದಲಾದರೆ ಬ್ರೌಸರ್ ಅದನ್ನು ಹೊಸ ವಸ್ತುವೆಂದೇ ತಿಳಿದು ತರಿಸುತ್ತದೆ. ಆ ಹೆಸರುಗಳನ್ನು ಹೇಳುವ ಮುಖ್ಯಪುಟ ಮಾತ್ರ ನೋ-ಕ್ಯಾಷ್ ಆಗಿರಬೇಕು. ಇಲ್ಲದಿದ್ದರೆ ಹೊಸ ಹೆಸರು ತಿಳಿಯುವುದಾದರೂ ಹೇಗೆ? ತಾಲ್ಲೂಕುಗಳ ಪಟ್ಟಿಗೆ ಗುರುತು ಹಚ್ಚಿ, ಪ್ರತಿಸಲವೂ 'ಬದಲಾಗಿದೆಯೆ' ಎಂದು ಕೇಳುವ ಕಟ್ಟಳೆ ಮಾಡಬೇಕು. ಸರ್ವಿಸ್ ವರ್ಕರ್ ಮೊದಲು ಜಾಲವನ್ನು ವಿಚಾರಿಸಲಿ. ಸಂಪರ್ಕವಿಲ್ಲದಿದ್ದರೆ ಮಾತ್ರ ಉಗ್ರಾಣಕ್ಕೆ ಕೈಹಾಕಲಿ, ಆಗ ಪಟ್ಟಿಯ ಮೇಲೆ ಅದು ಯಾವ ದಿನದ್ದೆಂದು ತೋರಿಸಲಿ. ವಿಕಿಪೀಡಿಯದಲ್ಲಿ ಯಾರಾದರೂ ಲೇಖನವನ್ನು ತಿದ್ದಿದೊಡನೆ ಸಿಂಗಪುರವೇ ಮೊದಲಾದ ಕೇಂದ್ರಗಳಿಗೆ ಹಳೆಯ ನಕಲನ್ನು ತೆಗೆದುಹಾಕುವಂತೆ ಸೂಚನೆ ಹೋಗುತ್ತದೆ. ಊರ ಉಗ್ರಾಣ ತಮ್ಮ ವಶದಲ್ಲಿಯೇ ಇರುವುದರಿಂದ ಇದು ಅವರಿಗೆ ಸಾಧ್ಯ.

ಕೂಡಿಡಲೇಬಾರದ ವಸ್ತುಗಳೂ ಉಂಟು. ಒಬ್ಬರ ಹೆಸರಿನ ಅರ್ಜಿ, ಬ್ಯಾಂಕಿನ ಲೆಕ್ಕ, ರೋಗಿಯ ವರದಿ ಇವು ಊರ ಉಗ್ರಾಣದಲ್ಲಿ ಉಳಿದರೆ ಒಬ್ಬರ ಗುಟ್ಟು ಇನ್ನೊಬ್ಬರ ಕೈಸೇರಬಹುದು. ಇಂಥವುಗಳ ಮೇಲೆ ಪ್ರೈವೇಟ್ ಎಂದು ಬರೆದರೆ ಮನೆಯ ಉಗ್ರಾಣ ಮಾತ್ರ ಇಟ್ಟುಕೊಳ್ಳುತ್ತದೆ. ಅನೇಕರು ಬಳಸುವ ಕಂಪ್ಯೂಟರ್ ಅಂಗಡಿಯ ಯಂತ್ರವಾದರೆ ಅದೂ ಅಪಾಯವೇ. ಅಲ್ಲಿ ನೋ-ಸ್ಟೋರ್ ಎಂಬುದೇ ತಕ್ಕ ಮಾತು.

ಕೊನೆಯದಾಗಿ ಒಂದು ಮಾತು. 2011ರ ಜನಗಣತಿಯ ಪುಸ್ತಕಗಳನ್ನು ತೆರೆದರೆ ಹುಲಸೂರ ಇಂದಿಗೂ ಬಸವಕಲ್ಯಾಣ ತಾಲ್ಲೂಕಿನಲ್ಲಿಯೇ ಇದೆ. ಅದರಿಂದ ಯಾರೂ ಮೋಸಹೋಗಲಾರರು. ಹೊದಿಕೆಯ ಮೇಲೆಯೇ ವರ್ಷ ಅಚ್ಚಾಗಿದೆ. ಹಳೆಯ ನಕಲು ಇರುವುದು ದೋಷವಲ್ಲ. ತಾನು ಯಾವ ದಿನದ್ದೆಂದು ಹೇಳದೆ ಇಂದಿನದೆಂಬಂತೆ ಮುಂದೆ ಬಂದು ನಿಲ್ಲುವುದು ದೋಷ. ಜಾಲಪುಟಗಳನ್ನು ಕಟ್ಟುವ ನಮ್ಮ ತರುಣರು ತಾವು ಕೂಡಿಡುವ ಪ್ರತಿಯೊಂದು ವಸ್ತುವಿಗೂ ದಿನಾಂಕವನ್ನೂ ಆಯುಷ್ಯವನ್ನೂ ಬರೆಯುವ ಅಭ್ಯಾಸ ಮಾಡಿಕೊಂಡರೆ, ಅರ್ಜಿಯ ಕೊನೆಯ ದಿನ ಹುಲಸೂರದ ಹುಡುಗಿಗೆ ಅವಳ ತಾಲ್ಲೂಕು ಸಿಕ್ಕೀತು.